ಮೊದಲು ಗೇಟು, ಆಮೇಲೆ ಕೋಲು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಗುಡ್ಡದ ಬದಿಯ ರಸ್ತೆಗೆ ಬೆಳಕು ಇನ್ನೂ ಬಂದಿಲ್ಲ, ಬರುವ ಮನಸ್ಸು ಮಾಡಿದೆ ಅಷ್ಟೆ. ಅಡ್ಡಗೇಟಿನ ಈಚೆ ಆಗಲೇ ಹನ್ನೊಂದು ವಾಹನಗಳು ಸಾಲುಗಟ್ಟಿವೆ. ಹಾಲಿನ ವ್ಯಾನಿದೆ, ಪತ್ರಿಕೆ ಹಂಚುವ ಜೀಪಿದೆ, ತರಕಾರಿ ಲಾರಿಗಳಿವೆ. ಚಾಲಕರು ಸ್ಟೀರಿಂಗ್ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಾರೆ. ಆ ಸಾಲಿನ ಪಕ್ಕದಲ್ಲಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಐವತ್ತೆರಡು ವರ್ಷದ ಹೆಂಗಸೊಬ್ಬರು ಟಾರ್ಚು ಹಿಡಿದು ನಡೆದು ಬರುತ್ತಾರೆ. ಗೇಟಿನ ಕೆಳಗೆ ಬಗ್ಗಿ ಆಚೆ ಹೋಗುತ್ತಾರೆ. ಬಗ್ಗುವಾಗ ಸೊಂಟಕ್ಕೆ ಒಂದು ಕೈ ಕೊಡುತ್ತಾರೆ, ಏಳುವಾಗ "ಅಮ್ಮಾ" ಎನ್ನುತ್ತಾರೆ.

ಈ ರಸ್ತೆಯ ಮೇಲೆ ದಿನವೂ ಮೊದಲು ಓಡಾಡುವುದು ಚಕ್ರವಲ್ಲ, ಇವರ ಕಾಲು. ರಾತ್ರಿ ಗುಡ್ಡದಿಂದ ಉರುಳಿದ ಕಲ್ಲುಗಳನ್ನು, ಮುರಿದು ಬಿದ್ದ ಕೊಂಬೆಗಳನ್ನು ಹುಡುಕುತ್ತಾ ಒಂಬೈನೂರು ಮೀಟರ್ ನಡೆದರೆ ಒಂದು ಮೋರಿ ಸಿಗುತ್ತದೆ. ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಟಾರ್ಚು ಕುಂಟುತ್ತಾ ಬರುತ್ತದೆ. ಅದನ್ನು ಹಿಡಿದವರಿಗೆ ಅರವತ್ತೆಂಟು ವರ್ಷ. ಇಬ್ಬರೂ ಮೋರಿಯ ಕಟ್ಟೆಯ ಮೇಲೆ ಎರಡು ನಿಮಿಷ ಕೂರುತ್ತಾರೆ.

"ನನ್ ಕಡೆ ಒಂದು ಕಲ್ಲು ಬಿದ್ದಿತ್ತು ಅಣ್ಣ. ತಳ್ಳಿದೀನಿ."

"ನನ್ ಕಡೆ ಏನಿಲ್ಲ. ಒಂದು ನಾಯಿ ಮಲಗಿತ್ತು, ಎದ್ದು ಹೋಯ್ತು."

"ಮಂಡಿ ಹೆಂಗಿದೆ?"

"ಇದೆ."

ಅಷ್ಟೇ ಮಾತು. ಎದ್ದು ಬಂದ ದಾರಿಯಲ್ಲೇ ಇಬ್ಬರೂ ವಾಪಸಾಗುತ್ತಾರೆ. ಇನ್ನು ಅವರು ಮುಖ ನೋಡಿಕೊಳ್ಳುವುದು ನಾಳೆ ಬೆಳಗ್ಗೆಯೇ. ನಡುವಿನ ಹದಿಮೂರು ಗಂಟೆ ಅವರಿಬ್ಬರನ್ನು ಜೋಡಿಸಿಟ್ಟಿರುವುದು ಒಂದು ಕೋಲು ಮಾತ್ರ.

ಕೋಲು ಎಂದರೆ ದೊಡ್ಡದೇನಲ್ಲ. ಮುರಿದ ಗುದ್ದಲಿಯ ಕಾವು, ಎರಡಡಿ ಉದ್ದ, ಕೆಂಪು ಬಿಳಿ ಪಟ್ಟೆ ಬಳಿದದ್ದು. ಅದನ್ನು ಹಿಡಿದು ನಿಲ್ಲುವುದರಿಂದ ಈ ಹೆಂಗಸಿಗೆ ಚಾಲಕರೆಲ್ಲ ಕೋಲಕ್ಕ ಎನ್ನುತ್ತಾರೆ. ಆ ತುದಿಯ ಹಿರಿಯರು ಗಡಿಯಾರದ ತಾತ. ರಸ್ತೆಯ ಅಗಲೀಕರಣಕ್ಕೆಂದು ಕೆಡವಿದ ಅಂಗಡಿಗಳಲ್ಲಿ ಅವರ ಗಡಿಯಾರ ರಿಪೇರಿಯ ಅಂಗಡಿಯೂ ಒಂದು. ಆ ಜಾಗದಲ್ಲಿ ರಸ್ತೆಯ ಎರಡನೇ ಭಾಗ ಬರಬೇಕಿತ್ತು. ಬಂದದ್ದು ಗುಂಡಿ. ಈಗ ಅದರಲ್ಲಿ ನೀರು ನಿಂತು ಕಪ್ಪೆಗಳಿವೆ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತಾತ ಕೂತಿರುತ್ತಾರೆ. ತನ್ನ ಅಂಗಡಿಯ ಗುಂಡಿಗೆ ತಾನೇ ಕಾವಲುಗಾರನಾದವನು ನಾನೊಬ್ಬನೇ ಇರಬೇಕು ಎಂದು ಅವರು ತಮಾಷೆ ಮಾಡುವುದುಂಟು. ಕೇಳಿದವರಿಗೆ ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಕಥೆ ಶುರುವಾದದ್ದು ಆರು ವರ್ಷದ ಹಿಂದೆ. ಎರಡು ಪಟ್ಟಣಗಳ ನಡುವಿನ ಈ ಹೆದ್ದಾರಿಯನ್ನು ಅಗಲ ಮಾಡಲು ಸರ್ಕಾರ ಒಪ್ಪಿತು. ಮೊದಲ ಕಂತಿನ ಅನುದಾನ ಬಂತು. ಯಂತ್ರಗಳು ಬಂದು ಗುಡ್ಡ ಕೊರೆದವು, ಇದ್ದ ರಸ್ತೆಯಲ್ಲೂ ಅರ್ಧವನ್ನು ಅಗೆದು ಹಾಕಿದವು. ಅಗೆಯಲು ಬಂದ ಹಣ ಅಗೆಯುವುದಕ್ಕೇ ಸರಿಹೋಯಿತು, ಮುಚ್ಚಲು ಬರಬೇಕಾದ ಹಣ ಬರಲಿಲ್ಲ. ಹಣ ತಡವಾಯಿತು, ತಡವಾದದ್ದಕ್ಕೆ ಖರ್ಚು ಏರಿತು. ಖರ್ಚು ಏರಿದ್ದಕ್ಕೆ ಅಂದಾಜು ಪಟ್ಟಿ ಹೊಸದಾಗಿ ಮಾಡಬೇಕಾಯಿತು. ಹೊಸ ಪಟ್ಟಿ ಒಪ್ಪಿಗೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ತಡವಾಗಿ ಖರ್ಚು ಮತ್ತೆ ಏರಿತು. ಕಡತ ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ರಾಜಧಾನಿಗೂ ಜಿಲ್ಲೆಗೂ ಓಡಾಡುತ್ತಲೇ ಇದೆ. ಗುತ್ತಿಗೆದಾರ ತನ್ನ ಯಂತ್ರಗಳನ್ನು ಎಂದೋ ಹೊತ್ತೊಯ್ದಿದ್ದಾನೆ. ಕೆಟ್ಟುಹೋದ ಒಂದು ರೋಲರ್ ಮಾತ್ರ ಉಳಿದಿದೆ, ಅದರ ಮೇಲೆ ಬಳ್ಳಿ ಹಬ್ಬಿ ಹೂ ಬಿಟ್ಟಿದೆ.

ಉಳಿದ ರಸ್ತೆ ಒಂದು ಕಿಲೋಮೀಟರ್ ಎಂಟುನೂರು ಮೀಟರ್. ಒಂದು ಕಡೆ ಕೊರೆದ ಗುಡ್ಡ, ಇನ್ನೊಂದು ಕಡೆ ಅಗೆದ ಹಳ್ಳ, ನಡುವೆ ಒಂದೇ ವಾಹನ ಹೋಗುವಷ್ಟು ದಾರಿ. ದಾರಿಯ ಮಧ್ಯೆ ದೊಡ್ಡ ತಿರುವಿರುವುದರಿಂದ ಈ ತುದಿಯವರಿಗೆ ಆ ತುದಿ ಕಾಣುವುದಿಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ಮೊದಲ ವರ್ಷ ಎರಡು ವಾಕಿಟಾಕಿ ಕೊಟ್ಟಿದ್ದರು, ಗುಡ್ಡ ಅಡ್ಡ ಬಂದು ಅವು ಗೊರಗೊರ ಎನ್ನುವುದನ್ನಷ್ಟೇ ಕಲಿತು ಸತ್ತವು. ಹಾಗಾಗಿ ಒಂದು ಪದ್ಧತಿ ಬಂತು. ಈ ತುದಿಯಿಂದ ಹದಿನೈದು ಹದಿನಾರು ವಾಹನ ಬಿಡುವುದು, ಕೊನೆಯ ವಾಹನದ ಚಾಲಕನ ಕೈಗೆ ಕೋಲು ಕೊಡುವುದು. ಅವನು ಆ ತುದಿಯಲ್ಲಿ ಅದನ್ನು ತಾತನ ಕೈಗೆ ಕೊಟ್ಟರೆ ದಾರಿ ಖಾಲಿ ಎಂದು ಅರ್ಥ. ಆಗ ತಾತ ತಮ್ಮ ಕಡೆಯವರನ್ನು ಬಿಟ್ಟು, ಅವರ ಕೊನೆಯವನ ಕೈಯಲ್ಲಿ ಕೋಲು ವಾಪಸು ಕಳಿಸುತ್ತಾರೆ. ಕೋಲು ಬಾರದೆ ಗೇಟು ಏಳುವುದಿಲ್ಲ.

"ಮೂರು ತಿಂಗಳ ಕೆಲ್ಸ ಅಂದಿದ್ರು. ಮನೇಲಿ ಕೂತು ಏನ್ಮಾಡೋದು ಅಂತ ಬಂದೆ. ಮೂರು ತಿಂಗಳಿಗೆ ಅಂತ ಹಳೇ ಕೊಡೆ ತಂದಿದ್ದೆ, ಹೊಸದು ಯಾಕೆ ಅಂತ. ಈಗ ಐದನೇ ಕೊಡೆ ನಡೀತಿದೆ" ಎನ್ನುತ್ತಾರೆ ಕೋಲಕ್ಕ.

ಬೆಳಗ್ಗೆ ಐದೂ ಮುಕ್ಕಾಲರಿಂದ ಸಂಜೆ ಆರೂ ಮುಕ್ಕಾಲರವರೆಗೆ ಅವರ ದುಡಿಮೆ. ಅದಾದ ಮೇಲೆ ಗೇಟಿಗೆ ಬೀಗ, ರಾತ್ರಿಯ ವಾಹನಗಳು ನಲವತ್ತೆರಡು ಕಿಲೋಮೀಟರ್ ಸುತ್ತಿಕೊಂಡು ಹೋಗಬೇಕು. ಭಾನುವಾರ ಇಲಾಖೆಯ ಇಬ್ಬರು ಬಂದು ನಿಲ್ಲುತ್ತಾರೆ. ವಾರದ ಉಳಿದ ಆರು ದಿನ, ದಿನಕ್ಕೆ ಎಪ್ಪತ್ತು ಬಾರಿಯಾದರೂ ಕೋಲು ಕೈ ಬದಲಾಯಿಸುತ್ತದೆ. ದಾಟುವ ವಾಹನಗಳು ಸಾವಿರದ ನೂರಕ್ಕೆ ಕಡಿಮೆಯಿಲ್ಲ. ಎಲೆಮರೆಯ ಕಾಯಿ ಎನ್ನೋಣವೆಂದರೆ ಇಲ್ಲಿ ಎಲೆಯೂ ಇಲ್ಲ, ನೆತ್ತಿಯ ಮೇಲೆ ನೇರ ಬಿಸಿಲು. ದಿನಕ್ಕೆ ಸಾವಿರ ಜನ ಎದುರಿಗೇ ನೋಡುತ್ತಾರೆ, ಆದರೆ ನೋಡುವುದು ಗೇಟನ್ನು.

ಗೇಟು ಮುಚ್ಚಿದ್ದರೆ ಬೈಯುತ್ತಾರೆ. ಬೈಗುಳದಲ್ಲೂ ಹೊತ್ತಿಗೊಂದು ಬಗೆ ಇದೆ. ಬೆಳಗ್ಗೆ ಆಫೀಸಿಗೆ ಹೋಗುವವರು ಗಡಿಯಾರ ತೋರಿಸಿ ಬೈಯುತ್ತಾರೆ, ಮಧ್ಯಾಹ್ನದವರು ಬಿಸಿಲಿಗೆ ಬೈಯುತ್ತಾರೆ, ಸಂಜೆಯವರು ಸುಸ್ತಾಗಿ ಸರ್ಕಾರವನ್ನೇ ಬೈದು ಸುಮ್ಮನಾಗುತ್ತಾರೆ. ಕೋಲಕ್ಕ ಎಲ್ಲಕ್ಕೂ ಒಂದೇ ಉತ್ತರ ಇಟ್ಟುಕೊಂಡಿದ್ದಾರೆ. "ಕೋಲು ಬರ್ಲಿ." ಇದಕ್ಕಿಂತ ಉದ್ದದ ಉತ್ತರ ಕೊಟ್ಟರೆ ಜಗಳ ಉದ್ದವಾಗುತ್ತದೆ ಎಂಬುದು ಆರು ವರ್ಷದಲ್ಲಿ ಕಲಿತ ಪಾಠ.

ಆದರೆ ಒಂದು ಮಾತು ಮಾತ್ರ ಅವರಿಗೆ ಇನ್ನೂ ಚುಚ್ಚುತ್ತದೆ. ರಸ್ತೆ ಆಗದಿದ್ದರೆ ನಿಮಗೇ ತಾನೆ ಲಾಭ, ಆಗಿಬಿಟ್ಟರೆ ನಿಮ್ಮ ಕೆಲಸ ಹೋಗುತ್ತದಲ್ಲ ಎಂದು ನಗುನಗುತ್ತಾ ಹೇಳುವವರಿದ್ದಾರೆ. ಹಾಗೆ ಹೇಳಿದವರ ಮುಖವನ್ನು ಅವರು ಮರೆಯುವುದಿಲ್ಲ. "ಇಲ್ಲಿ ನಿಂತು ಹೊಗೆ ಕುಡಿಯೋಳು ನಾನು. ರಸ್ತೆ ಆಗ್ಬಾರ್ದು ಅಂತ ನಾನ್ಯಾಕೆ ಅನ್ಕೊಳ್ಲಿ? ನಂಗೆ ಕೆಮ್ಮು ಬಂದ್ರೆ ನಿಲ್ಲೋಕೇ ಹದಿನೈದು ದಿನ ಬೇಕು. ಊರ ಬಾಯಿ ಮುಚ್ಚೋಕಾಗುತ್ತಾ?" ಎಂದು ಕೇಳಿ ಮಾಸ್ಕು ಸರಿಮಾಡಿಕೊಳ್ಳುತ್ತಾರೆ.

ಅವರ ಯಜಮಾನರು ಬಸ್ ಡಿಪೋದಲ್ಲಿ ಹರಿದ ಸೀಟು ಹೊಲಿಯುತ್ತಾರೆ. ಡಿಪೋದಲ್ಲಿ ಬಸ್ಸಿನವರೆಲ್ಲ ತಡವಾಗಿ ಬಂದದ್ದಕ್ಕೆ ಕೊಡುವ ಕಾರಣ ಒಂದೇ, "ಆ ಕೋಲಕ್ಕ ಬಿಡ್ಲಿಲ್ಲ." ಅವಳು ತಮ್ಮ ಹೆಂಡತಿ ಎಂದು ಯಜಮಾನರು ಮೊದಲ ಎರಡು ವರ್ಷ ಬಾಯಿ ಬಿಡಲಿಲ್ಲವಂತೆ. "ಸೂಜಿ ಕೈಲಿತ್ತು. ಯಾರು ಜಾಸ್ತಿ ಬೈತಾರೋ ಅವ್ರ ಸೀಟಿಗೆ ಒಂದು ಹೊಲಿಗೆ ಕಮ್ಮಿ ಹಾಕ್ತಿದ್ದೆ" ಎಂದು ಕಣ್ಣು ಮಿಟುಕಿಸುತ್ತಾರೆ. ಅದೇ ದಪ್ಪ ಸೂಜಿಯಿಂದ ಹೆಂಡತಿಯ ಬೂಟುಗಳನ್ನೂ ಅವರೇ ಹೊಲಿಯುತ್ತಾರೆ. ರಸ್ತೆಯ ಅಂಚು ಓರೆಯಾಗಿರುವುದರಿಂದ ಎಡಗಾಲಿನ ಅಟ್ಟೆ ಬೇಗ ಸವೆಯುತ್ತದೆ. ಎರಡು ತಿಂಗಳಿಗೊಮ್ಮೆ ಎಡಗಾಲಿಗೆ ಹೊಸ ಅಟ್ಟೆ, ಬಲಗಾಲಿಗೆ ವರ್ಷಕ್ಕೊಮ್ಮೆ ಸಾಕು. ಮನೆಗೆ ಬಂದರೂ ಹೆಂಡತಿ ಸ್ವಲ್ಪ ವಾಲಿಕೊಂಡೇ ನಿಲ್ಲುತ್ತಾಳೆ ಎಂದು ಅವರು ಹೇಳುವಾಗ ಮಾತ್ರ ತಮಾಷೆ ಇರುವುದಿಲ್ಲ.

ಕೋಲಿನ ಜೊತೆ ಮಾತೂ ಪ್ರಯಾಣ ಮಾಡುತ್ತದೆ. ಕೊನೆಯ ಚಾಲಕನ ಕೈಗೆ ಕೋಲು ಕೊಡುವಾಗ ಕೋಲಕ್ಕ, ತಾತ ಮಾತ್ರೆ ತೆಗೆದುಕೊಂಡರಾ ಕೇಳಿ ಎಂದು ಹೇಳಿ ಕಳಿಸುತ್ತಾರೆ. ಅರ್ಧ ಗಂಟೆಗೆ ಇನ್ನೊಬ್ಬ ಚಾಲಕ ಉತ್ತರ ತರುತ್ತಾನೆ. ನಡುವೆ ಮಾತು ಕೈಕಾಲು ಬೆಳೆಸಿಕೊಳ್ಳುವುದೂ ಉಂಟು. ಒಮ್ಮೆ ಮಂಡಿಗೆ ಹಚ್ಚುವ ಎಣ್ಣೆ ಮುಗಿದಿದೆ ಎಂದು ತಾತ ಹೇಳಿ ಕಳಿಸಿದ್ದು, ತಾತನ ಗಾಡಿಯ ಎಣ್ಣೆ ಮುಗಿದಿದೆ ಎಂದು ತಲುಪಿ, ದಯಾವಂತನಾದ ಲಾರಿಯವನೊಬ್ಬ ಸಂಜೆ ಒಂದು ಡಬ್ಬ ಡೀಸೆಲ್ ಇಳಿಸಿ ಹೋಗಿದ್ದ. ತಾತನ ಬಳಿ ಸೈಕಲ್ಲೂ ಇಲ್ಲ.

ಇಷ್ಟು ಹೇಳಿ ಕೋಲಕ್ಕ ನಗುತ್ತಾರೆ. ಆಮೇಲೆ ಮೂರನೇ ವರ್ಷದ ಆ ದಿನದ ಮಾತು ಬರುತ್ತದೆ. ಕೇಳದಿದ್ದರೂ ಅವರೇ ತೆಗೆಯುತ್ತಾರೆ.

ಆಗೆಲ್ಲ ಅವರು ಕೋಲು ಕೊಟ್ಟ ಮೇಲೆ ಗೇಟು ಇಳಿಸುತ್ತಿದ್ದರು. ಕೋಲು ಕೊಡುವುದಕ್ಕೂ ಗೇಟು ಇಳಿಯುವುದಕ್ಕೂ ನಡುವೆ ನಾಲ್ಕೈದು ಸೆಕೆಂಡು. ಅವತ್ತು ಬ್ರೆಡ್ಡಿನ ವ್ಯಾನು ಕೊನೆಯದು. ಅದರ ಚಾಲಕನಿಗೆ ಕೋಲು ಕೊಟ್ಟು ಗೇಟು ಇಳಿಸುವ ಹಗ್ಗದತ್ತ ತಿರುಗಿದರು. ಅಷ್ಟರಲ್ಲಿ ಪತ್ರ ಹಂಚುವ ಅಂಚೆಯವನೊಬ್ಬ ಮೋಟರ್ ಸೈಕಲ್ಲಿನಲ್ಲಿ ಇನ್ನೂ ಇಳಿಯದ ಗೇಟಿನ ಕೆಳಗೆ ನುಸುಳಿ ವ್ಯಾನಿನ ಹಿಂದೆ ಹೋದ. ಅವರು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಮಳೆ ಹನಿಯುತ್ತಿತ್ತು, ಅವನು ನಿಧಾನ ಮಾಡಿದ, ವ್ಯಾನು ಮುಂದೆ ಹೋಯಿತು. ಕೋಲು ತಾತನ ಕೈ ಸೇರಿತು. ದಾರಿ ಖಾಲಿ ಎಂದು ತಾತ ಗೇಟೆತ್ತಿದರು. ಮೊದಲು ಹೊರಟದ್ದು ಮರಳಿನ ಲಾರಿ. ತಿರುವಿನಲ್ಲಿ ಅಂಚೆಯವನ ಬಲಗಾಲು ಹೋಯಿತು.

ವಿಚಾರಣೆಯಲ್ಲಿ ಗೇಟಿನವರ ತಪ್ಪಿಲ್ಲ ಎಂದು ಬರೆದರು. ಅಂಚೆಯವನೂ ಹಾಗೆಯೇ ಹೇಳಿದ. ಅವನೀಗ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುತ್ತಾನೆ. ಕೋಲಕ್ಕ ಕಂಡರೆ, "ನುಗ್ಗಿದ್ದು ನಾನು ಅಕ್ಕ, ನೀವ್ಯಾಕೆ ಮುಖ ಸಣ್ಣ ಮಾಡ್ಕೋತೀರಿ" ಎನ್ನುತ್ತಾನೆ. ಇವರಿಗೆ ಅದು ಸಮಾಧಾನ ಕೊಡುವುದಿಲ್ಲ. "ಕೋಲು ಅವತ್ತು ಸುಳ್ಳು ಹೇಳ್ತು. ಹೇಳಿಸಿದ್ದು ನಾನು. ಕೊನೇದು ಅಂತ ಕೊಟ್ಟೆ, ಅದು ಕೊನೇದಾಗಿರ್ಲಿಲ್ಲ" ಎನ್ನುತ್ತಾರೆ. ಹೇಳುವಾಗ ಅವರ ಕಣ್ಣು ತುಂಬಿಕೊಳ್ಳುತ್ತದೆ, ಒರೆಸಿಕೊಳ್ಳಲು ಹೋದರೆ ಕೈಗವಸಿನ ಧೂಳು ಕಣ್ಣಿಗೇ ಹೋಗುತ್ತದೆ.

ಅಂದಿನಿಂದ ಅವರ ಕೆಲಸದ ಕ್ರಮ ಬದಲಾಯಿತು. ಕೊನೆಯ ವಾಹನವನ್ನು ಗೇಟಿನಾಚೆ ನಿಲ್ಲಿಸುತ್ತಾರೆ. ಗೇಟು ಇಳಿಸಿ ಕೊಂಡಿ ಹಾಕುತ್ತಾರೆ. ಆಮೇಲೆ ತಾವೇ ಗೇಟು ದಾಟಿ ಹೋಗಿ ಕೋಲು ಕೊಡುತ್ತಾರೆ. ಮೊದಲು ಗೇಟು, ಆಮೇಲೆ ಕೋಲು. ಇದಕ್ಕಾಗಿ ದಿನಕ್ಕೆ ಮೂವತ್ತೈದು ಬಾರಿ ಹೆಚ್ಚಿಗೆ ಬಗ್ಗಿ ಏಳಬೇಕು. ಜೊತೆಗೆ ತಾತನೂ ಅವರೂ ಮೋರಿಯ ಕಟ್ಟೆಯ ಮೇಲೆ ಕೂತು ಇನ್ನೊಂದು ನಿಯಮ ಮಾಡಿಕೊಂಡರು. ಕೋಲು ದಾರಿಯಲ್ಲಿ ತಪ್ಪಿದರೆ, ಯಾರ ಕೈಗೆ ಅದು ಬರಬೇಕಿತ್ತೋ ಅವರು ಪೂರ್ತಿ ರಸ್ತೆ ನಡೆದು ನೋಡಬೇಕು. ಊಹೆಯ ಮೇಲೆ ಗೇಟು ಎತ್ತುವಂತಿಲ್ಲ.

ಹೋದ ತಿಂಗಳು ಈ ಕೋಲಿಗೇ ಕುತ್ತು ಬಂತು. ರಸ್ತೆಯ ಅನುದಾನ ಈ ವರ್ಷವೂ ಬಿಡುಗಡೆಯಾಗಿಲ್ಲ, ತಾತ್ಕಾಲಿಕ ಸಂಚಾರ ವ್ಯವಸ್ಥೆಗೆಂದು ತೆಗೆದಿಟ್ಟದ್ದೂ ಮುಗಿಯುತ್ತಾ ಬಂದಿದೆ. ಹಾಗಾಗಿ ಒಂದನೇ ತಾರೀಖಿನಿಂದ ಇಬ್ಬರ ಬದಲು ಒಬ್ಬರೇ ಸಾಕು ಎಂದು ಇಲಾಖೆ ಯೋಚಿಸಿತು. ಎರಡೂ ತುದಿಗೆ ಒಂದೊಂದು ದೊಡ್ಡ ಗಡಿಯಾರ, ಪಕ್ಕದಲ್ಲಿ ಒಂದು ಬೋರ್ಡು. ಹನ್ನೆರಡು ನಿಮಿಷ ಈ ಕಡೆಯವರು, ಎಂಟು ನಿಮಿಷ ಬಿಡುವು, ಹನ್ನೆರಡು ನಿಮಿಷ ಆ ಕಡೆಯವರು. ಕೋಲು ಬೇಡ, ತಾತ ಬೇಡ. ಕೋಲಕ್ಕ ಒಬ್ಬರೇ ಈ ತುದಿಯಲ್ಲಿದ್ದು ಎಲ್ಲ ನೋಡಿಕೊಳ್ಳುತ್ತೇನೆ ಎಂದು ಒಪ್ಪಿಗೆ ಬರೆದುಕೊಡಬೇಕು.

ಬೆಳಗ್ಗೆ ಮೋರಿಯ ಬಳಿ ಈ ಸುದ್ದಿ ಕೇಳಿದ ತಾತ ತಮ್ಮ ಕೆಲಸದ ಬಗ್ಗೆ ಏನೂ ಹೇಳಲಿಲ್ಲ. "ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದೀನಮ್ಮ. ಗಡಿಯಾರಕ್ಕೆ ಹೊತ್ತೆಷ್ಟು ಅಂತ ಗೊತ್ತಿರುತ್ತೆ. ದಾರೀಲಿ ಯಾರಿದಾರೆ ಅಂತ ಗೊತ್ತಿರುತ್ತಾ?" ಎಂದರು. ಹುಲ್ಲು ಹೇರಿದ ಟ್ರ್ಯಾಕ್ಟರು ಈ ಏರಿನಲ್ಲಿ ಹದಿನಾಲ್ಕು ನಿಮಿಷ ತೆಗೆದುಕೊಳ್ಳುವುದು ಇಬ್ಬರಿಗೂ ಗೊತ್ತು. ಕೆಟ್ಟು ನಿಂತರೆ ಎಷ್ಟು ಹೊತ್ತೋ ದೇವರೇ ಬಲ್ಲ.

ಆ ವಾರ ಕೋಲಕ್ಕನಿಗೆ ನಿದ್ದೆ ಬರಲಿಲ್ಲ. ಸಹಿ ಹಾಕಿದರೆ ತನ್ನ ಕೆಲಸ ಉಳಿಯುತ್ತದೆ, ತಾತನದು ಹೋಗುತ್ತದೆ, ಆ ತಿರುವಿನಲ್ಲಿ ಇನ್ನೊಬ್ಬನ ಕಾಲೋ ಜೀವವೋ ಹೋಗುತ್ತದೆ. ಹಾಕದಿದ್ದರೆ ಹಾಕುವವರು ಯಾರಾದರೂ ಸಿಗುತ್ತಾರೆ, ಆಗಲೂ ತಿರುವು ಅಲ್ಲೇ ಇರುತ್ತದೆ. ಅತ್ತ ದರಿ, ಇತ್ತ ಪುಲಿ. ಯಜಮಾನರು, "ಹಾಕು ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ. ಎಡಗಾಲು ನಿಂದು" ಎಂದು ಹೇಳಿ ಬೂಟಿಗೆ ಅಟ್ಟೆ ಹೊಲಿದುಕೊಟ್ಟರಂತೆ.

ಮಂಗಳವಾರ ಬೆಳಗ್ಗೆ ಇಂಜಿನಿಯರ್ ಸಾಹೇಬರೇ ಕಾಗದ ಹಿಡಿದು ಬಂದರು. ಆರು ವರ್ಷಕ್ಕೆ ಆರನೆಯವರು, ವಯಸ್ಸು ಚಿಕ್ಕದು, ಮಾತು ಮೃದು. ಕೆಟ್ಟವರೇನಲ್ಲ. ಮೇಲಿನಿಂದ ಬಂದದ್ದನ್ನು ಕೆಳಗೆ ದಾಟಿಸುವುದು ಅವರ ಪಾಡು.

"ನೀವು ಒಪ್ಪದಿದ್ರೆ ಗೇಟೇ ಮುಚ್ಚಿ ಎಲ್ರನ್ನೂ ಸುತ್ತುದಾರೀಲಿ ಕಳಿಸ್ಬೇಕಾಗುತ್ತಮ್ಮ. ನಂಗೂ ಬೇರೆ ದಾರಿ ಇಲ್ಲ" ಎಂದರು.

"ಸಹಿ ಆಮೇಲೆ ನೋಡೋಣ ಸಾರ್. ಒಂದ್ಸಲ ಜೀಪಲ್ಲಿ ದಾಟಿ ನೋಡಿ. ಹೆಂಗೂ ನೀವು ಆ ಕಡೇನೇ ಹೋಗ್ಬೇಕು" ಎಂದರು ಕೋಲಕ್ಕ.

ಸಾಹೇಬರ ಜೀಪು ಆ ಸರದಿಯ ಕೊನೆಯದಾಯಿತು. ಕೋಲಕ್ಕ ಗೇಟು ಇಳಿಸಿ, ಕೊಂಡಿ ಹಾಕಿ, ಬಗ್ಗಿ ದಾಟಿ ಹೋಗಿ ಕೋಲನ್ನು ಕಿಟಕಿಯಲ್ಲಿ ಕೊಟ್ಟರು. ಸಾಹೇಬರು ಅದನ್ನು ಪಕ್ಕದ ಸೀಟಿನಲ್ಲಿ ಕಡತಗಳ ಮೇಲೆ ಇಟ್ಟುಕೊಂಡು ಕೈಗಡಿಯಾರ ನೋಡಲು ಶುರುಮಾಡಿದರು. ದಾಟಲು ಎಷ್ಟು ನಿಮಿಷ ಎಂದು ಅಳೆಯುವ ಉತ್ಸಾಹ. ಆ ತುದಿಯಲ್ಲಿ ತಾತ ಎಂದಿನಂತೆ ಕೈ ಚಾಚಿ ನಿಂತಿದ್ದರು. ಜೀಪಿನ ಚಾಲಕ ಹೊಸಬ. ಮುದುಕರು ಸಾಹೇಬರಿಗೆ ಸಲಾಮು ಹೊಡೆಯುತ್ತಿದ್ದಾರೆ ಎಂದುಕೊಂಡ. ಸಾಹೇಬರ ಪರವಾಗಿ ತಾನೇ ಒಂದು ಸಲಾಮು ಹೊಡೆದು ಗೇರು ಬದಲಾಯಿಸಿ ಹೊರಟೇಹೋದ. ಕೋಲನ್ನು ತೆಗೆಯುವ ಕಾಗದ ಮತ್ತು ಕೋಲು ಎರಡೂ ಒಂದೇ ಸೀಟಿನಲ್ಲಿ ಕೂತು ಮೂವತ್ತು ಕಿಲೋಮೀಟರ್ ದೂರದ ಕಚೇರಿ ಸೇರಿದವು.

ತಾತ ಹದಿನೈದು ನಿಮಿಷ ಕಾದರು. ಜೀಪು ತಿರುಗಿ ಬರಬಹುದು ಎಂಬ ಆಸೆ. ಸಾಲಿನಲ್ಲಿದ್ದವರು ಹಾರ್ನು ಹೊಡೆದರು. ಹೋದದ್ದು ಸಾಹೇಬರ ಜೀಪೇ, ಅದರ ಹಿಂದೆ ಏನೂ ಬರಲಿಲ್ಲವಲ್ಲ, ಬಿಡಿ ಎಂದರು. ತಾತ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದರು, ಬೀಗದ ಕೈ ಜೇಬಿಗೆ ಹಾಕಿಕೊಂಡು ನಡೆಯಲು ಶುರುಮಾಡಿದರು. ಒಂದು ಕಿಲೋಮೀಟರ್ ಎಂಟುನೂರು ಮೀಟರ್, ಆ ಮಂಡಿಯಲ್ಲಿ.

ಈ ಕಡೆ ಕೋಲಕ್ಕನಿಗೆ ಏನೂ ಗೊತ್ತಿಲ್ಲ. ಗಂಟೆಯಾಯಿತು, ಆ ಕಡೆಯಿಂದ ಒಂದು ಸೈಕಲ್ಲೂ ಬರಲಿಲ್ಲ. ಸಾಲು ಬೆಳೆದು ಬೆಳೆದು ಇಳಿಜಾರಿನ ಪೆಟ್ರೋಲ್ ಬಂಕಿನವರೆಗೂ ಹೋಯಿತು. ಸಾಲಿನಲ್ಲಿ ಸಿಕ್ಕಿದ್ದ ಬಸ್ಸಿನ ತುಂಬ ಇಂಜಿನಿಯರ್ ಕಚೇರಿಯ ಗುಮಾಸ್ತರು, ಟೈಪಿಸ್ಟು, ಕಡತದ ಕೋಣೆಯವರು. ಅವರೂ ಇಳಿದು ಬಂದು ಬೈದರು. ಎಲ್ಲರಿಗೂ ಒಂದೇ ಉತ್ತರ. ಯಾರೋ ಒಬ್ಬರು ಗೇಟಿನ ಹಗ್ಗಕ್ಕೆ ಕೈ ಹಾಕಿದಾಗ ಮಾತ್ರ ಕೋಲಕ್ಕ ಗೇಟಿಗೆ ಬೆನ್ನು ಕೊಟ್ಟು ನಿಂತರು.

ತಿರುವಿನಲ್ಲಿ ತಾತ ಕಾಣಿಸಿದಾಗ ಗುಡ್ಡದ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಹತ್ತಿರ ಬಂದು, ಕೋಲಕ್ಕನ ಕುರ್ಚಿಯಲ್ಲಿ ಕೂತು, ನೀರು ಕುಡಿದು ಆಮೇಲೆ ಹೇಳಿದರು. "ಏನೂ ಇರ್ಲಿಲ್ಲ."

ಏನೂ ಇಲ್ಲ ಎಂದು ತಿಳಿಯಲು ಒಬ್ಬ ಮುದುಕ ಇಷ್ಟು ದೂರ ನಡೆದು ಬಂದದ್ದು ಬೈಯುತ್ತಿದ್ದವರ ಕಣ್ಣೆದುರಿಗೇ ಇತ್ತು. ಈಗ ದಾರಿ ತೆರೆಯಬೇಕಲ್ಲ, ಕೋಲಿಲ್ಲ. ಆ ತುದಿಯಲ್ಲಿ ಬೀಗ ತೆಗೆಯಲು ತಾತನೂ ವಾಪಸು ಹೋಗಬೇಕು. ಕೋಲಕ್ಕ ಹದಿನಾರು ವಾಹನ ಬಿಟ್ಟು, ಕೊನೆಯದಾದ ಹಾಲಿನ ವ್ಯಾನನ್ನು ನಿಲ್ಲಿಸಿ, ಗೇಟು ಇಳಿಸಿ, ತಾತನನ್ನೇ ಅದರ ಮುಂದಿನ ಸೀಟಿನಲ್ಲಿ ಕೂರಿಸಿದರು. ಅವತ್ತಿನ ಆ ಸರದಿಗೆ ಕೋಲು ತಾತನೇ.

ಅತ್ತ ಕಚೇರಿಯಲ್ಲಿ ಸಾಹೇಬರು ಹನ್ನೊಂದು ಗಂಟೆಯವರೆಗೂ ಒಬ್ಬರೇ ಕೂತಿದ್ದರು. ಬಾಗಿಲನ್ನೂ ತಾವೇ ತೆರೆದುಕೊಂಡಿದ್ದರು, ಟೈಪು ಮಾಡುವವರಿಲ್ಲ. ಬಸ್ಸು ಯಾಕೆ ಬಂದಿಲ್ಲ ಎಂದು ಯೋಚಿಸುತ್ತಾ ಕಡತ ಎತ್ತಿಕೊಳ್ಳಲು ಹೋದಾಗ, ಜೊತೆಗೇ ತಂದಿದ್ದ ಪಟ್ಟೆ ಬಳಿದ ಗುದ್ದಲಿ ಕಾವು ಉರುಳಿ ಕಾಲಿನ ಮೇಲೆ ಬಿತ್ತು. ತಕ್ಷಣ ಜೀಪು ತಿರುಗಿಸಿಕೊಂಡು ಬಂದರು. ತಾತನ ತುದಿಯಲ್ಲಿ ಸಾಲು ಎಷ್ಟು ಉದ್ದವಿತ್ತೆಂದರೆ, ಕೊನೆಯಲ್ಲಿ ಇಳಿದು ಕೋಲು ಹಿಡಿದುಕೊಂಡು ನಡೆದೇ ಬರಬೇಕಾಯಿತು. ದಾರಿಯುದ್ದಕ್ಕೂ ಚಾಲಕರು ಅವರನ್ನು ಹೊಸ ಗೇಟಿನವನು ಎಂದುಕೊಂಡು ಬಾಯಿಗೆ ಬಂದದ್ದು ಅಂದರಂತೆ.

ಸಾಹೇಬರು ತಾತನನ್ನು ಕೇಳಿದ್ದು ಒಂದೇ ಪ್ರಶ್ನೆ. "ನನ್ ಜೀಪೇ ಕೊನೇದು ಅಂತ ನಿಮಗೆ ಗೊತ್ತಿತ್ತಲ್ವಾ? ಗೇಟು ತೆಗೀಬಹುದಿತ್ತಲ್ಲ?"

"ಗೊತ್ತಿತ್ತು ಸಾರ್" ಎಂದರು ತಾತ. "ಅಂಚೆಯವನ ಕಾಲು ಹೋದ ದಿನಾನೂ ನಂಗೆ ಗೊತ್ತಿತ್ತು."

ಸಾಹೇಬರು ಕೋಲನ್ನು ತಾತನ ಕೈಗೆ ಕೊಟ್ಟರು. ಸಂಜೆ ಕಡತದ ಮೇಲೆ 'ಹೆಚ್ಚಿನ ಪರಿಶೀಲನೆಗೆ' ಎಂದು ಬರೆದು ಇಟ್ಟರು. ಈ ರಸ್ತೆಯ ಅನುದಾನವನ್ನು ಆರು ವರ್ಷ ತಡೆದು ನಿಲ್ಲಿಸಿದ್ದು ಅದೇ ಎರಡು ಪದ. ಮೊದಲ ಬಾರಿಗೆ ಅವು ಈ ಇಬ್ಬರ ಪರವಾಗಿ ನಿಂತಿವೆ. ಒಂದನೇ ತಾರೀಖು ಬಂದು ಹೋಯಿತು, ಗಡಿಯಾರ ಬರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎನ್ನುತ್ತಾರೆ. ಕೋಲಕ್ಕನ ಲೆಕ್ಕದಲ್ಲಿ ಅದು ಹೆಚ್ಚೆಂದರೆ ಮುಂದಿನ ಆರ್ಥಿಕ ವರ್ಷದವರೆಗೆ.

ಗೆದ್ದ ಸಂತೋಷ ಅವರ ಮುಖದಲ್ಲಿ ಇಲ್ಲ. ತಾತನ ಮಂಡಿ ಆ ದಿನದ ನಂತರ ಮೊದಲಿನಂತಿಲ್ಲ. ಬೆಳಗಿನ ನಡಿಗೆಯಲ್ಲಿ ನಾನೇ ಸ್ವಲ್ಪ ಜಾಸ್ತಿ ಬರುತ್ತೇನೆ, ಮೋರಿಯಿಂದಾಚೆ ಇನ್ನೂರು ಮೀಟರ್ ನನಗಿರಲಿ ಎಂದು ಕೋಲಕ್ಕ ಹೇಳಿದ್ದಾರೆ. ತಾತ ಒಪ್ಪಿಲ್ಲ, ಅರ್ಧ ಅಂದರೆ ಅರ್ಧ ಎನ್ನುತ್ತಾರೆ. ಹಾಗಾಗಿ ಅವರು ಬರುವುದು ತಡವಾಗುತ್ತಿದೆ, ಕೋಲಕ್ಕ ಮೋರಿಯ ಮೇಲೆ ಕೂತು ಕಾಯುತ್ತಾರೆ.

ಹಣ ಮುಂದಿನ ತಿಂಗಳು ಮಂಜೂರಾಗುತ್ತದಂತೆ ಎಂಬ ಮಾತು ಮತ್ತೆ ಓಡಾಡುತ್ತಿದೆ. ಈ ಮಾತು ಅವರು ಹದಿನೇಳು ಬಾರಿಯಾದರೂ ಕೇಳಿದ್ದಾರೆ. ನಿಜವಾಗಿಯೂ ಬಂದು, ರಸ್ತೆ ಮುಗಿದು, ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದರೆ, ಕೋಲಕ್ಕ ಸಾಲಿನ ಕೊನೆಯವರೆಗೂ ಒಮ್ಮೆ ಕಣ್ಣು ಹಾಯಿಸುತ್ತಾರೆ.

"ಆ ಕಡೆ ಪಟ್ಟಣಕ್ಕೆ ಒಂದು ಟಿಕೆಟ್ ತಗೊಂಡು ಬಸ್ ಹತ್ತೀನಿ. ಕಿಟಕಿ ಪಕ್ಕ ಕೂತು ನಿದ್ದೆ ಮಾಡ್ತೀನಿ. ಈ ಜಾಗ ಯಾವಾಗ ಬಂತು, ಯಾವಾಗ ಹೋಯ್ತು ಅಂತ ನಂಗೇ ಗೊತ್ತಾಗ್ಬಾರ್ದು. ಇಲ್ಲಿ ಯಾರೋ ನಿಂತಿದ್ರು ಅಂತ ಬಸ್ಸಲ್ಲಿ ಒಬ್ರಿಗೂ ನೆನಪಾಗ್ಬಾರ್ದು. ಒಳ್ಳೇ ರಸ್ತೆ ಅಂದ್ರೆ ಅದೇ ತಾನೆ?"